ಬೀದಿ ಕಡೆಯ ಗೋಡೆ

ಸಮುದ್ರ ಏರುತ್ತಿದ್ದುದರಿಂದ ಫ್ರಾನ್ಸಿನ ಕರಾವಳಿಯ ಆ ಊರಿನಲ್ಲಿ ಪಾರಂಪರಿಕ ಕಟ್ಟಡಗಳನ್ನು ಮಾತ್ರ ಎತ್ತಿ ಬೆಟ್ಟದ ಮೇಲೆ ಕೂರಿಸುತ್ತಿದ್ದರು. ಮನೆ ಬೆಟ್ಟಕ್ಕೆ ಹೋದರೆ ಅದರಲ್ಲಿದ್ದವರೂ ಜೊತೆಗೆ ಹೋಗಬಹುದು. ಉಳಿದವರಿಗೆ ಬೆಟ್ಟದಲ್ಲಿ ಜಾಗವಿಲ್ಲ. ಒದೀಲ್ ತನ್ನ ಪುಟ್ಟ ಮಗಳು ಸೆಲೀನ್ ಜೊತೆ ಮುನ್ನೂರು ವರ್ಷ ಹಳೆಯ ಕಲ್ಲುಮನೆಯಲ್ಲಿ ಬಾಡಿಗೆಗಿದ್ದಳು. ಹಾಗಾಗಿ ಅವಳಿಗೆ ಧೈರ್ಯವಿತ್ತು.

ಆ ಬೆಳಿಗ್ಗೆ ಕೆಳಗಿನ ಕೋಣೆಗೆ ನೀರು ನುಗ್ಗಿತ್ತು. ಪಾರಂಪರಿಕ ಕಟ್ಟಡಗಳ ಇಲಾಖೆಯ ಅಧಿಕಾರಿ ಮೋರಿಸ್ ಮರದ ಮೆಟ್ಟಿಲನ್ನು ತಟ್ಟಿ ನೋಡಿ ತಲೆಯಾಡಿಸಿದ.

"ಒಳಗೆಲ್ಲ ಹುಳ ಹಿಡಿದಿದೆಯಮ್ಮ. ಬೀದಿ ಕಡೆ ಗೋಡೆ ಒಂದನ್ನೇ ಒಯ್ತೀವಿ."

"ಹಾಗಾದ್ರೆ ನಾವು?"

"ಗೋಡೆಯಲ್ಲಿ ಯಾರೂ ವಾಸ ಇರಲ್ವಲ್ಲ."

ಒದೀಲ್ ಎಷ್ಟು ಅಂಗಲಾಚಿದರೂ ಅವನು ನಿಲ್ಲಲಿಲ್ಲ. ದೋಣಿ ಹತ್ತಿ, ಹೊರಗೆ ಕಾದಿದ್ದ ಕ್ರೇನಿನವನಿಗೆ ಎತ್ತುವಂತೆ ಕೈಸನ್ನೆ ಮಾಡಿದ.

ಅವಳು ಮಗುವನ್ನೆತ್ತಿಕೊಂಡು ಮಹಡಿಗೆ ಓಡಿದಳು. ಬೀದಿ ಗೋಡೆಗೆ ಒಂದು ಪುಟ್ಟ ಬಾಲ್ಕನಿಯಿತ್ತು. ಹೇಗಾದರೂ ಬೆಟ್ಟ ಸೇರಿದ ಮಗುವನ್ನು ಯಾರೂ ಕೆಳಗೆ ತಳ್ಳಲಾರರು ಎಂದುಕೊಂಡು, ಸೆಲೀನಳನ್ನು ಅಲ್ಲಿ ಕೂರಿಸಿ ದುಪ್ಪಟಿಯಿಂದ ಕಂಬಿಗೆ ಬಿಗಿದಳು. ತಾನೂ ಕಾಲಿಟ್ಟಾಗ ಹಳೆಯ ಕಲ್ಲು ಲಟಕ್ಕೆಂದಿತು. ಕಾಲನ್ನು ಹಿಂದೆ ತೆಗೆದಳು.

"ಸಾರ್, ಮಗು ಇದೆ! ನಿಲ್ಲಿಸ್ಲಾ?" ಕ್ರೇನಿನವನು ಕೂಗಿದ.

ಮೋರಿಸ್ ಮೇಲೆ ಬಾಲ್ಕನಿಯ ಬಾಗಿಲ ಒಳಗೆ ನಿಂತಿದ್ದ ಒದೀಲಳನ್ನೇ ನೋಡಿದ. "ಬೇಡ, ಎತ್ತು. ನಿಧಾನಕ್ಕೆ ಎತ್ತು," ಎಂದ.

ಗೋಡೆ ಮನೆಯಿಂದ ಬೇರೆಯಾಯಿತು. ಮಲಗುವ ಕೋಣೆಗೆ ಒಮ್ಮೆಲೇ ಆಕಾಶ ಬಂತು.

"ಅಮ್ಮಾ, ನೀನೂ ಬಾ!"

"ಕಂಬಿ ಗಟ್ಟಿಯಾಗಿ ಹಿಡ್ಕೋ ಪುಟ್ಟಿ, ಕೆಳಗೆ ನೋಡ್ಬೇಡ!"

ಮಗುವಿಗೆ ಕೇಳಿಸದಷ್ಟು ದೂರವಾದ ಮೇಲೂ ಅವಳು ಅದನ್ನೇ ಕೂಗುತ್ತಿದ್ದಳು.