ಏರು ಹತ್ತದ ಗಾಡಿ

ಖಾನಾಪುರ ದಾಟಿ ಜಾಂಬೋಟಿ ರಸ್ತೆ ಹಿಡಿದ ಮೇಲೆ ವಿನಯ ಎರಡೂ ಬದಿಯ ಚರಂಡಿ ನೋಡುತ್ತಲೇ ಬಂದ. ಎಲ್ಲಿಯಾದರೂ ಹಸಿರು ಗಾಡಿಯೊಂದು ಮಗುಚಿ ಬಿದ್ದಿದ್ದರೆ ಆ ಪಾಪ ತನ್ನದೇ. ತಾನು ಕೆಲಸಕ್ಕಿದ್ದ ಬೆಳಗಾವಿಯ ಅಂಗಡಿಯಿಂದ ಮಾಲೀಕರಿಗೆ ಹೇಳದೆ ಹೊಸ ಕೆಂಪು ಗಾಡಿ ಹೊರಗೆ ತೆಗೆದಿದ್ದ. ನೌಕರಿ ಹೋದರೆ ಹೋಗಲಿ, ಇವತ್ತು ಶನಿವಾರ, ಗಾಡಿ ಅದಲುಬದಲು ಮಾಡಿಯೇ ಬರುವುದು ಎಂದು ಹೊರಟಿದ್ದ.

ಹತ್ತು ದಿನದ ಹಿಂದೆ ಆಟೋ ನಗರದ ಆ ಅಂಗಡಿಗೆ ಕಲ್ಮೇಶ ಬಂದಿದ್ದ. ಮಚ್ಛೆಯ ಕಾರ್ಖಾನೆಯಲ್ಲಿ ಲೇಥ್ ಕೆಲಸದವನು. ಎರಡು ಸಾವಿರದ ಏಳರಲ್ಲಿ ಬ್ಯಾಟರಿಯ ಸ್ಕೂಟರ್ ಗಾಡಿ ಊರಿಗೇ ಹೊಸತು. ಓಡಿಸಲು ಲೈಸೆನ್ಸೂ ಬೇಡ. ಕಲ್ಮೇಶನ ಜೊತೆ ಉಸುಕು ತುಂಬಿದ ಎರಡು ಚೀಲಗಳಿದ್ದವು, ಒಂದು ದೊಡ್ಡದು, ಒಂದು ಸಣ್ಣದು.

"ನನ್ನ ಮಕ್ಕಳ ತೂಕಾರೀ," ಎಂದ. "ಶನಿವಾರ ಸಾಲಿ ಬಿಟ್ಟ ಮ್ಯಾಲ ಖಾನಾಪುರದಿಂದ ಇಬ್ಬರ್ನೂ ಕುಂದರಿಸ್ಕೊಂಡು ಜಾಂಬೋಟಿ ಕಡೆ ಹೋಗಬೇಕು. ದಾರಿ ತುಂಬ ಏರು ಐತ್ರಿ."

"ಮಕ್ಕಳನ್ನ ಕರಕೊಂಡ ಬರಬೇಕಿತ್ತಲ್ರೀ?"

"ಶನಿವಾರ ಅಷ್ಟ ಸಿಗತಾವ್ರಿ." ಸಣ್ಣ ಚೀಲವನ್ನು ಎತ್ತಿ ನೋಡಿದ. "ತೂಕಾನೂ ಅಂದಾಜರೀ."

ಪಾಪ, ದುಡಿಯುವ ಮನುಷ್ಯ, ಮಕ್ಕಳ ಮುಖ ನೋಡಲೂ ಪುರುಸೊತ್ತಿಲ್ಲ ಎಂದುಕೊಂಡ ವಿನಯ.

ಚೀಲ ಹೇರಿಕೊಂಡು ಕಲ್ಮೇಶ ಮೂರು ಗಾಡಿಗಳನ್ನು ಒಂದೊಂದಾಗಿ ಹತ್ತಿರದ ಏರಿಗೆ ಒಯ್ದ. ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಗಡಿಯಾರ ನೋಡಿಕೊಂಡ. ಕೆಂಪು, ನೀಲಿ ಗಾಡಿಗಳು ಬೇಗ ಮರಳಿದವು. ಹಸಿರಿನದು ಎಷ್ಟು ಹೊತ್ತಾದರೂ ಪತ್ತೆಯಿಲ್ಲ. ಕೊನೆಗೆ ಬೆವರು ಒರೆಸುತ್ತ ಬಂದವನು, "ಇದ ಇರ್ಲಿ," ಎಂದ.

ವಿನಯ ತಬ್ಬಿಬ್ಬಾದ. ಆ ಗಾಡಿಯ ಮೋಟರಿಗೆ ಕಸುವಿಲ್ಲ. ಎಂಟು ತಿಂಗಳಿಂದ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದ. ಗಲ್ಲೆಯಲ್ಲಿ ಕೂತಿದ್ದ ಮಾಲೀಕ ಚನ್ನಬಸಯ್ಯ ಕೆಮ್ಮಿದರು. ತೆರೆದ ಬಾಯಿಂದ ಬಂದದ್ದು ಇಷ್ಟೇ: "ಚಲೋ ಗಾಡಿ ಆರಿಸೀರಿ."

ಅಂದಿನಿಂದ ಹೆಂಡತಿ ಕಾಂತಾ ಸುಮ್ಮನೆ "ಏನಾಗೇತ್ರಿ?" ಎಂದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಿದ್ದ. ತನ್ನ ಮಗಳು ಸೃಷ್ಟಿಯನ್ನು ಆ ಗಾಡಿಯ ಮೇಲೆ ಗುಡ್ಡಕ್ಕೆ ಕಳಿಸುತ್ತಿದ್ದನೇ? ಉತ್ತರ ಗೊತ್ತಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ತಿರುವು ದಾಟುತ್ತಲೇ ಹಸಿರು ಕಂಡಿತು. ಏರಿನ ನಡುವೆ ಕಲ್ಮೇಶ ಗಾಡಿ ತಳ್ಳುತ್ತಿದ್ದ. ಅವನ ಏಳು ವರ್ಷದ ಮಗಳು ಮಾಲಾ, ಐದರ ಮಗ ಅಮರ, ನೆಲ್ಲಿಕಾಯಿ ಕಡಿಯುತ್ತ ಹಿಂದೆ ನಡೆದಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ವಿನಯನಿಗೆ ಹೋದ ಜೀವ ಬಂದಂತಾಯಿತು.

ಇಳಿದು ಕೈಮುಗಿದ. "ತಪ್ಪಾತ್ರಿ. ಇದು ಏರು ಹತ್ತೂದಿಲ್ಲ ಅಂತ ನನಗ ಮೊದಲ ಗೊತ್ತಿತ್ತು. ಬಾಯಿ ಮುಚ್ಕೊಂಡು ಕುಂತೆ. ಈ ಕೆಂಪು ಗಾಡಿ ತಗೋರಿ, ಹತ್ತ ನಿಮಿಷದಾಗ ಮನಿ ಮುಟ್ಟಸ್ತದ."

ಕಲ್ಮೇಶನ ಮುಖ ಬಾಡಿತು. "ಬ್ಯಾಡ್ರಿ," ಎಂದು ಹಸಿರು ಗಾಡಿಯ ಹ್ಯಾಂಡಲ್ ಬಿಗಿಯಾಗಿ ಹಿಡಿದ. "ನನಗೂ ಗೊತ್ತಿತ್ರಿ. ನೋಡೇ ತಗೊಂಡೇನಿ."

"ಮತ್ತ ಯಾಕ್ರೀ?"

ಮಕ್ಕಳು ಮುಂದೆ ಹೋಗುವವರೆಗೆ ಕಾದು ಕಲ್ಮೇಶ ದನಿ ತಗ್ಗಿಸಿದ. "ನಾನೂ ಪ್ರಮಿಳಾನೂ ಬ್ಯಾರೆ ಆಗಿ ಎರಡ ವರ್ಷ ಆತ್ರಿ. ತಪ್ಪು ನಂದ ಐತಿ. ಮಕ್ಕಳು ಆಕಿ ಕಡೆ. ವಾರಕ್ಕೊಮ್ಮೆ, ಸಾಲಿಯಿಂದ ಅವರವ್ವನ ಮನಿ ಬಾಗಲತನಾ ಅಷ್ಟ ನನ್ನ ಕೂಡ ಇರತಾವು. ನಡುವ ಎಲ್ಲೂ ನಿಲ್ಲಬಾರದು ಅಂತ ಹಿರ್ಯಾರ ಕರಾರು."

ಬೆವರೊರೆಸಿಕೊಂಡು, ಕಳ್ಳನಗೆ ನಕ್ಕ. "ನಿಲ್ಲಬ್ಯಾಡ ಅಂತ ನನಗ ಹೇಳ್ಯಾರ್ರಿ. ಗಾಡಿಗೆ ಹೇಳಿಲ್ಲ."