ಟ್ರ್ಯಾಕಿಗೆ ಹೊರಟ ಕಾರು

ಅವನಿಗಿದ್ದದ್ದು ಒಂದೇ ಕಾರು, ಆಸೆ ಮಾತ್ರ ಎರಡು. ವಾರವೆಲ್ಲ ಅದರಲ್ಲೇ ಆಫೀಸಿಗೆ ಹೋಗಬೇಕು, ಭಾನುವಾರ ಅದನ್ನೇ ರೇಸ್ ಟ್ರ್ಯಾಕಿನಲ್ಲಿ ಹಾರಿಸಬೇಕು. ಕಾಡಿ ಬೇಡಿ ಟ್ರ್ಯಾಕಿನಲ್ಲಿ ಒಂದು ಭಾನುವಾರ ಸಿಕ್ಕಿದ್ದೇ ತಡ, ಹೊಸ ಬ್ರೇಕ್ ಪ್ಯಾಡ್ ಆರಿಸಲು ಅಂಗಡಿಗೆ ಓಡಿದ.

“ಇದು ಎರಡಕ್ಕೂ ಆಗತ್ತೆ ಸಾರ್. ಅದು ಬರೀ ರೇಸಿಂದು, ಚೆನ್ನಾಗಿ ಬಿಸಿಯಾಗೋ ತನಕ ಸರಿಯಾಗಿ ಹಿಡಿಯಲ್ಲ,” ಎಂದ ಅಂಗಡಿಯವನು.

“ಎರಡಕ್ಕೂ ಆಗೋದನ್ನ ತರಕಾರಿ ತರೋರಿಗೆ ಕೊಡ್ರೀ. ನಂಗೆ ರೇಸಿಂದೇ ಹಾಕಿ.”

ಭಾನುವಾರ ಬೆಳಿಗ್ಗೆ ಸ್ಟೀರಿಂಗ್ ಹಿಡಿದು ಕೂತಾಗ ಅವನ ಎದೆ ಕುದುರೆಯಂತೆ ಕುಣಿಯುತ್ತಿತ್ತು. ಅಷ್ಟರಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ಅಡ್ಡ ಬಂದರು.

“ಅಳಿಯಂದ್ರೇ, ನಿಂಬೆಹಣ್ಣಿನ ಮೇಲೆ ಹತ್ತಿಸದೇ ಹೊರಟ್ರಾ? ಅಪಘಾತ ಗಿಪಘಾತ ಆದ್ರೆ?”

“ಹೊತ್ತಾಯ್ತು ಅತ್ತೆ!”

“ಒಂದೇ ನಿಮಿಷ. ಮೆಲ್ಲಗೆ ಹತ್ತಿಸಿ, ಅಲ್ಲೇ ನಿಲ್ಲಿಸಿ, ಸಾಕು.”

ಬಾನೆಟ್ಟಿಗೆ ಕುಂಕುಮ ಹಚ್ಚಿ, ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟು ಅತ್ತೆ ಪಕ್ಕಕ್ಕೆ ಸರಿದರು. ಹಣ್ಣುಗಳು ಪಚಕ್ಕೆಂದವು. ಅವನು ಬ್ರೇಕ್ ಒತ್ತಿದ. ತಣ್ಣಗಿದ್ದ ಪ್ಯಾಡು ಹಿಡಿಯಲಿಲ್ಲ. ಕಾರು ಮನೆ ಮುಂದಿನ ಇಳಿಜಾರಿನಲ್ಲಿ ಹಸೆಮಣೆಗೆ ಹೊರಟ ಮದುಮಗಳ ಹಾಗೆ ಮೆಲ್ಲಮೆಲ್ಲಗೆ ಸಾಗಿ, ಗೇಟಿನ ಕಂಬಕ್ಕೆ ಹೋಗಿ ಗುಮ್ಮಿತು. ಬಂಪರ್ ಕಳಚಿತು, ರೇಡಿಯೇಟರ್ ಒಡೆದು ನೀರೆಲ್ಲ ಅಂಗಳಕ್ಕೆ ಹರಿಯಿತು. ಟ್ರ್ಯಾಕಿನ ಭಾನುವಾರ ಗೇಟು ದಾಟುವ ಮೊದಲೇ ಮುಗಿದುಹೋಯಿತು.

ಅತ್ತೆ ಓಡಿಬಂದು ಜಜ್ಜಿದ ಬಾನೆಟ್ಟಿಗೆ ಇನ್ನಷ್ಟು ಕುಂಕುಮ ಹಚ್ಚಿದರು.

“ನೋಡಿದ್ರಾ ಅಳಿಯಂದ್ರೇ, ನಿಂಬೆಹಣ್ಣು ಹತ್ತಿಸಿದ್ದಕ್ಕೆ ಇಷ್ಟರಲ್ಲೇ ಹೋಯ್ತು!”