ಉಂಡೀರೇನ್ರಿ?

ಹುಕ್ಕೇರಿಯ ಸಂತೆಯಲ್ಲಿ ಸಾತಪ್ಪ ಬರುವುದನ್ನು ಕಂಡ ಕೂಡಲೇ ಬಸವಣ್ಣೆಪ್ಪನ ಎದೆ ಧಸಕ್ಕೆಂದಿತು. ಇವನು ಮಾನ ಕಳೆಯಲೆಂದೇ ಬಂದಿದ್ದಾನೆ. ಅದೂ ಇವತ್ತೇ.

ಇವತ್ತು ಬೆಳಗಾವಿಯ ಟಾನಿಕ್ ಕಂಪನಿಯ ಮಾಲೀಕ ಉದ್ದಪ್ಪ ಖುದ್ದಾಗಿ ಬಂದು ಚಕ್ಕಡಿಯ ಬಾಜೂ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮಾರಾಟ ಅವನ ಮನಸ್ಸಿಗೆ ಬಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಸೀಮೆಯ ಪ್ರಚಾರ ಬಸವಣ್ಣೆಪ್ಪನದು. ಬರದಿದ್ದರೆ ಮತ್ತೆ ಹಳೆಯ ಪಾಡು.

ಹಳೆಯ ಪಾಡು ಅವನಿಗೆ ಚೆನ್ನಾಗಿ ನೆನಪಿತ್ತು. ಪ್ರಚಾರದ ಧಂದೆಗೆ ಇಳಿದ ಹೊಸದರಲ್ಲಿ ಸಿಕ್ಕಿದ್ದನ್ನೆಲ್ಲ ಕೂಗಿದ್ದ. ಬೀಡಿ, ಸಾಬೂನು, ಟೆಂಟ್ ಸಿನಿಮಾ, ಗೋಕಾಕ ಫಾಲ್ಸಿನ ಗಿರಣಿಯವರಿಗೆ ಚಹಾಪುಡಿ. ತಗಡಿನ ಕಹಳೆಯಲ್ಲಿ ಗಂಟಲು ಹರಿಯುವಂತೆ ಒದರಿದರೂ ಒಬ್ಬರೂ ತಿರುಗಿ ನೋಡಲಿಲ್ಲ. ಎಲ್ಲರೂ ಎಲ್ಲವನ್ನೂ ಕೂಗುವ ಸಂತೆಯಲ್ಲಿ ಒಬ್ಬನ ದನಿ ಯಾರಿಗೆ ಬೇಕು? ಬೇರೆಯವರು ಕಾಲಿಡದ ಒಂದು ದಾರಿ ಹಿಡಿಯಬೇಕು, ಅದನ್ನೊಂದನ್ನೇ ಹಿಡಿಯಬೇಕು ಎಂದು ತಲೆ ಕೆಡಿಸಿಕೊಂಡು ಓಡಾಡಿದ.

ಆ ದಾರಿ ಅವನಿಗೆ ಸಿಕ್ಕಿದ್ದು ತುಕ್ಕಾನಟ್ಟಿಯಲ್ಲಿ.

ಅಲ್ಲಿ ಸಾಬೂನು ಕೂಗುತ್ತಿದ್ದಾಗ ಅವನದೇ ಊರು ಕೊಣ್ಣೂರಿನ ಸಾತಪ್ಪ ಬಂದ. ಊರಲ್ಲಿ ಯಾರೇ ಸತ್ತರೂ ಆ ಸುದ್ದಿಯನ್ನು ಬೀಗರಿಗೆ ಮುಟ್ಟಿಸುವುದು ಸಾತಪ್ಪನ ಮನೆತನಕ್ಕೆ ಅಜ್ಜನ ಕಾಲದಿಂದ ಅಂಟಿಕೊಂಡ ಚಾಕರಿ. ರುಮಾಲು ಬಿಚ್ಚಿ ನಡುವಿಗೆ ಕಟ್ಟಿ, ಬಡಿಗೆ ನೆಲಕ್ಕಿಟ್ಟು, ದೂರ ನಿಂತು ಅವನು ಕೇಳುವುದು ಒಂದೇ ಮಾತು: "ಉಂಡೀರೇನ್ರಿ?" ಸತ್ತವರ ಹೆಸರು ಕಿವಿಗೆ ಬಿತ್ತೆಂದರೆ ಮಣ್ಣು ಮಾಡುವವರೆಗೆ ಮನೆಯವರು ತುತ್ತು ಮುಟ್ಟುವಂತಿಲ್ಲ. ಅದಕ್ಕೇ ಉಂಡಿಲ್ಲವೆಂದರೆ ಅವನು ಬಾಯಿ ಮುಚ್ಚಿಕೊಂಡು ಕಾಯುತ್ತಾನೆ. ಉಂಡು ಕೈ ತೊಳೆದ ಮೇಲೆಯೇ ಹೆಸರು.

ಅವತ್ತು ಓಣಿಗೆ ಓಣಿಯೇ ಬಾಗಿಲಿಗೆ ಬಂದು ಉಸಿರು ಹಿಡಿದು ನಿಂತಿತು. ಸಾತಪ್ಪ ಕೊನೆಯ ಮನೆಯ ಮುಂದೆ ನಿಂತ. ಉಳಿದವರೆಲ್ಲ ಉಸಿರು ಬಿಟ್ಟರು. ಆ ಉಸಿರು ಬಿಟ್ಟ ಮುಖಗಳನ್ನು ಬಸವಣ್ಣೆಪ್ಪ ನೋಡಿದ. ತಮ್ಮ ಮನೆಗೆ ಬಂದದ್ದಲ್ಲ ಎಂದು ತಿಳಿದ ಹೆಂಗಸರು ಆ ಗಳಿಗೆಯಲ್ಲಿ ಏನು ಕೊಟ್ಟರೂ ಕೊಳ್ಳುತ್ತಿದ್ದರು. ಸಾಬೂನನ್ನೂ ಕೊಂಡರು.

ಅವನ ದಾರಿ ನಿಶ್ಚಯವಾಯಿತು. ಮಾರುವ ಮಾಲು ಆಯುಷ್ಯದ ಟಾನಿಕ್. ಮಾರಿಸುವವನು ಸಾತಪ್ಪ.

ಸಂತೆಯಲ್ಲಿ ಸಾತಪ್ಪ ಯಾರಾದರೊಬ್ಬ ಹೆಂಗಸಿನ ಮುಂದೆ ನಿಂತು "ಉಂಡೀರೇನ್ರಿ?" ಎನ್ನುತ್ತಿದ್ದ. ಅವಳು ಸುಣ್ಣದಂತಾಗುತ್ತಿದ್ದಳು. ಜನ ಮುತ್ತುತ್ತಿದ್ದರು. ಆಗ ಕಹಳೆ: "ಯಾರೂ ಸತ್ತಿಲ್ಲರ್ಯೋ! ಸಾಯಬಾರದು ಅಂದರ ಇದನ್ನ ಕುಡೀರಿ!" ನಗೆ, ಬೈಗುಳ, ನಿಟ್ಟುಸಿರು. ಬಾಟಲಿ ಖಾಲಿ.

ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಸಾತಪ್ಪನ ಕೇರಿಯವರು ಗೋಡೆಗೆ ಬುದ್ಧನ ಫೋಟೋ ಹಾಕಿ ಊರ ಚಾಕರಿಯನ್ನೆಲ್ಲ ಬಿಟ್ಟರು. ಸಾತಪ್ಪ ಬಂದು ಹೇಳಿದ:

"ಸುಳ್ಳ ಸಾವು ಇನ್ನ ಈ ಬಾಯಾಗ ಬರಂಗಿಲ್ರಿ."

"ಹೊಟ್ಟಿಗೇನ ತಿಂತೀಯೋ? ಫೋಟೋನ?"

"ಹಸಿವಾದರ ಆಗಲಿ ಬಿಡ್ರಿ."

ಅಂದಿನಿಂದ ಮಾರಾಟ ನೆಲ ಕಚ್ಚಿತ್ತು. ನಿನ್ನೆ ಕೊಣ್ಣೂರಿನಲ್ಲಿ ಚಕ್ಕಡಿ ಹೂಡುವಾಗ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಶೆಟ್ಟೆವ್ವ ಹೊಸ್ತಿಲು ಹಿಡಿದು ನಿಂತು, "ಅಪ್ಪಾ, ನನಗೂ ಒಂದ ಬಾಟ್ಲಿ ಕೊಡು. ಕಣ್ಣಿಗೆ ಕತ್ತಲಿ ಬರಾಕತ್ತೈತಿ," ಎಂದಿದ್ದಳು.

"ಹುಚ್ಚಿ, ಅದು ಮಾರಾಕ ಮಾಡಿದ್ದು. ಬೆಲ್ಲದ ನೀರು. ನೀ ಹಾಲು ಕುಡಿ," ಎಂದು ನಕ್ಕು ಹೊರಟುಬಂದಿದ್ದ.

ಈಗ ಬೆಳಗಿನಿಂದ ಕೂಗಿದರೂ ಒಂದು ಬಾಟಲಿ ಹೋಗಿಲ್ಲ. ಉದ್ದಪ್ಪ ಆಕಳಿಸುತ್ತಿದ್ದಾನೆ. ಇದೇ ಹೊತ್ತಿಗೆ, ಆಟದ ಸುಳ್ಳನ್ನೆಲ್ಲ ಬಲ್ಲ ಸಾತಪ್ಪ. ಮೊಣಕಾಲಿನವರೆಗೆ ಧೂಳು. ಬರಿದಲೆ. ರುಮಾಲು ನಡುವಿಗೆ ಕಟ್ಟಿದ್ದಾನೆ. ಅದನ್ನು ಕಂಡು ಜನ ತಾವಾಗಿಯೇ ದಾರಿ ಬಿಟ್ಟರು, ಬೆನ್ನ ಹಿಂದೆಯೇ ಮುತ್ತಿಕೊಂಡರು. ಅವನು ಯಾವ ಹೆಂಗಸಿನ ಮುಂದೆಯೂ ನಿಲ್ಲಲಿಲ್ಲ. ನೆಟ್ಟಗೆ ಚಕ್ಕಡಿಯ ಮುಂದೆ ಬಂದು ಬಡಿಗೆ ನೆಲಕ್ಕಿಟ್ಟ.

"ಯಜಮಾನ್ರ, ಉಂಡೀರೇನ್ರಿ?"

ಬಸವಣ್ಣೆಪ್ಪನ ಜೀವ ಮರಳಿ ಬಂತು. ಮಾನ ಕಳೆಯಲು ಬಂದದ್ದಲ್ಲ! ಹಸಿವು ಬುದ್ಧಿ ಕಲಿಸಿದೆ. ಅದೂ ಎಂಥ ಬುದ್ಧಿ, ಮಾರುವವನನ್ನೇ ಕೇಳುವುದು! ಕಹಳೆ ಎತ್ತಿದ.

"ನೋಡ್ರೆಪೋ! ಇವತ್ತ ಸಾವು ನನ್ನ ಮನಿಗೇ ಬಂದೈತಿ!" ಎಂದು ಒಂದು ಬಾಟಲಿ ಗಟಗಟ ಕುಡಿದು ಮೀಸೆ ಒರೆಸಿಕೊಂಡ. "ಎಲ್ಲಿ, ಈಗ ಯಾರನ್ನ ಒಯ್ತಿ ಒಯ್ಯೋ!"

ಸಂತೆಯೇ ನಕ್ಕಿತು.

"ಚ್ಯಾಷ್ಟಿ ಬ್ಯಾಡ್ರೀ ಯಜಮಾನ್ರ. ಮೊದಲ ಒಂದ ತುತ್ತು ಉಣ್ರಿ," ಎಂದ ಸಾತಪ್ಪ. ಅವನ ಕಣ್ಣು ತುಂಬಿತ್ತು.

"ಕಣ್ಣಾಗ ನೀರೂ ತಂದಾನಲ್ಲರ್ಯೋ! ಭಲೇ ಮಗನ!"

ಬಾಟಲಿಗಳಿಗೆ ಜನ ಮುಗಿಬಿದ್ದರು. ಚಕ್ಕಡಿ ಬರಿದಾಯಿತು. ಉದ್ದಪ್ಪ ಕುರ್ಚಿಯಿಂದ ಎದ್ದು ಬಂದು ಬಸವಣ್ಣೆಪ್ಪನ ಬೆನ್ನು ಚಪ್ಪರಿಸಿದ. "ಮೂರೂ ಸೀಮಿ ನಿಂದ ಹೋಗು. ಈ ಮನುಷ್ಯಾನ್ನ ಮಾತ್ರ ಬಿಡಬ್ಯಾಡ. ಏನ ನಟನಿ!"

ಖಾನಾವಳಿಯಲ್ಲಿ ಬಸವಣ್ಣೆಪ್ಪ, ಉದ್ದಪ್ಪ ಇಬ್ಬರೂ ಊಟಕ್ಕೆ ಕೂತರು. ಸಾತಪ್ಪ ಒಳಗೆ ಬರಲಿಲ್ಲ, ಕೊಟ್ಟ ರೊಟ್ಟಿಯನ್ನೂ ಮುಟ್ಟಲಿಲ್ಲ. ಬಡಿಗೆ ನೆಲಕ್ಕಿಟ್ಟು ಬಿಸಿಲಲ್ಲೇ ನಿಂತು ಬಾಗಿಲಿನಿಂದ ಬಸವಣ್ಣೆಪ್ಪನ ತಾಟನ್ನೇ ನೋಡುತ್ತಿದ್ದ. ಬಸವಣ್ಣೆಪ್ಪ ಮತ್ತೊಂದು ರೊಟ್ಟಿ ಹಾಕಿಸಿಕೊಂಡ, ಮೊಸರು ತರಿಸಿಕೊಂಡ, ಹೊಟ್ಟೆ ಬಿರಿಯುವಂತೆ ಉಂಡು, ಕೈ ತೊಳೆದು, ತೇಗುತ್ತ ಹೊರಗೆ ಬಂದ.

"ಸಾತಪ್ಪಾ, ಇದ ಆಟ ಬರೋ ಸಂತಿಗೆ ಮೂಡಲಗ್ಯಾಗ ಹೂಡೂಣು. ಏನಂತಿ?"

ಸಾತಪ್ಪ ನೆಲದ ಮೇಲಿನ ಬಡಿಗೆಯನ್ನು ಎತ್ತಿಕೊಂಡ.

"ಉಂಡ್ರಲ್ಲ, ಇನ್ನ ಚಕ್ಕಡಿ ಹೂಡ್ರಿ. ಶೆಟ್ಟೆವ್ವನ್ನ ಗೋಡಿಗೆ ಆನಿಸಿ ಕುಂಡ್ರಿಸ್ಯಾರ; ನೀವು ಬರೂತನಕ ಮಣ್ಣು ಮಾಡಂಗಿಲ್ಲ ಅಂತ ಕಾಯಾಕತ್ತಾರ."